ಸಿಹಿ ಒಲ್ಲದ ಜಿರಲೆ

ಜಿರಲೆಗೆ ಔಷಧಿ ಇಡಲು ಬಂದಿದ್ದ ಹುಡುಗ ಸಿಂಕಿನ ಕೆಳಗೆ ಟಾರ್ಚು ಬಿಟ್ಟು ನೋಡಿದ. ಆಮೇಲೆ ಕಟ್ಟೆಯ ಸಂದಿಗೊಂದು, ಕಪಾಟಿನ ಮೂಲೆಗೊಂದು ಸಾಸಿವೆಗಾತ್ರದ ಬೊಟ್ಟು ಇಡುತ್ತ, "ಇದು ಹೊಸ ಜೆಲ್ಲು ಸಾರ್. ಹಳೇದನ್ನ ಇವು ಮೂಸೋದೂ ಇಲ್ಲ" ಅಂದ. ಯಾಕಪ್ಪಾ ಎಂದು ಕೇಳಿದೆ. "ಒಳ್ಳೇ ಜಿರಲೆಗಳೆಲ್ಲ ತಿಂದು ಸತ್ತೋದ್ವು ಸಾರ್. ತಿನ್ನದೇ ಇದ್ದ ತರಲೆಗಳು ಉಳ್ಕೊಂಡ್ವು. ಈಗಿರೋವೆಲ್ಲ ಅವುಗಳ ಮಕ್ಕಳು" ಎಂದು ಹೇಳಿ, ಮುಂದಿನ ಸಂದಿಗೆ ಹೋದ.

ಇಷ್ಟೇ ಮಾತು. ಇದನ್ನು ಹೇಳಲು ಚಾರ್ಲ್ಸ್ ಡಾರ್ವಿನ್ನನಿಗೆ ಇಪ್ಪತ್ತು ವರ್ಷಗಳ ಹಿಂಜರಿಕೆಯೂ ಐನೂರು ಪುಟಗಳ ಪುಸ್ತಕವೂ ಬೇಕಾದವು. 1859ರ ನವೆಂಬರ್ 24ರಂದು ಹೊರಬಂದ ಆ ಪುಸ್ತಕದ ತಿರುಳೆಂದರೆ, ಒಂದೇ ತಾಯಿಯ ಮಕ್ಕಳು ಒಂದೇ ತೆರನಾಗಿರುವುದಿಲ್ಲ, ಆ ವ್ಯತ್ಯಾಸಗಳಲ್ಲಿ ಕೆಲವು ಅವರ ಮಕ್ಕಳಿಗೂ ಇಳಿಯುತ್ತವೆ, ಹುಟ್ಟಿದವೆಲ್ಲ ಉಳಿಯುವಷ್ಟು ಅನ್ನವೂ ಜಾಗವೂ ಲೋಕದಲ್ಲಿಲ್ಲ, ಆದ್ದರಿಂದ ಉಳಿದುಕೊಂಡವರ ಚಹರೆಯೇ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. ಇದಕ್ಕೆ ನಿಸರ್ಗದ ಆಯ್ಕೆ ಎಂದು ಹೆಸರು. ನಮ್ಮ ಹುಡುಗ ಹೆಸರಿಡುವ ಗೋಜಿಗೆ ಹೋಗಲಿಲ್ಲ. ಬಿಲ್ಲಿನಲ್ಲಿ ಈ ಪಾಠಕ್ಕೆಂದು ಬೇರೆಯಾಗಿ ಏನನ್ನೂ ಸೇರಿಸಲೂ ಇಲ್ಲ.

ಆದರೆ ನಮ್ಮ ಮನೆಯಲ್ಲಿ ಈ ಸಿದ್ಧಾಂತಕ್ಕೆ ವಿರೋಧವಿದೆ. ನಮ್ಮ ಮನೆಯವಳ ಪ್ರಕಾರ ಜಿರಲೆಗಳು ಬುದ್ಧಿ ಕಲಿತುಕೊಂಡಿವೆ. "ನೋಡಿ, ಅವಕ್ಕೂ ಯಾವುದು ತಿನ್ನಬೇಕು, ಯಾವುದು ತಿನ್ನಬಾರದು ಅಂತ ಗೊತ್ತಾಗಿದೆ" ಎಂದು ನನ್ನ ಕೈಯಲ್ಲಿದ್ದ ಮೈಸೂರುಪಾಕಿನ ಕಡೆ ನೋಡುತ್ತಾಳೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರದೂ ಅದೇ ಪಕ್ಷ. ಅವರು ಕಾಫಿಗೆ ಬಂದಾಗ ಈ ವಿಷಯ ಎತ್ತಿದರೆ ಲೋಟ ಆರಿಹೋಗುವವರೆಗೂ ವಾದ ನಡೆಯುತ್ತದೆ. ಜೀವಿಗಳು ಕಷ್ಟ ಬಂದಾಗ ಪ್ರಯತ್ನಪಟ್ಟು ಬದಲಾಗುತ್ತವೆ, ಆ ಪ್ರಯತ್ನದ ಫಲ ಮಕ್ಕಳಿಗೆ ಸಿಗುತ್ತದೆ ಎನ್ನುವುದು ಅವರ ದೃಢವಾದ ನಂಬಿಕೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಲೂ ಒಬ್ಬರಿಗೆ ಇಂಥ ಆಶಾವಾದ ಉಳಿದಿರುವುದನ್ನು ನೋಡಿದರೆ ನನಗೆ ಗೌರವವೇ ಹುಟ್ಟುತ್ತದೆ.

ಜಿರಲೆಯ ವಿಚಾರ ಮಾತ್ರ ಬೇರೆ. ಅಮೆರಿಕದಲ್ಲಿ 1980ರ ದಶಕದಲ್ಲಿ ವಿಷಕ್ಕೆ ಸಿಹಿ ಬೆರೆಸಿ ಜಿರಲೆಗಳಿಗೆ ಬಡಿಸುವ ಪದ್ಧತಿ ಜೋರಾಗಿ ನಡೆಯುತ್ತಿತ್ತು. ಸಿಹಿ ಎಂದರೆ ಗ್ಲೂಕೋಸ್. ಮೊದಮೊದಲು ಔತಣಕ್ಕೆ ಬಂದವೆಲ್ಲ ಅಲ್ಲೇ ಮಲಗಿದವು. ಕೆಲವು ವರ್ಷ ಕಳೆಯುವಷ್ಟರಲ್ಲಿ ಫ್ಲಾರಿಡಾದ ಒಂದು ವಸತಿ ಕಟ್ಟಡದ ಜಿರಲೆಗಳು ಎಲೆಯ ಮುಂದೆ ಕೂರುವುದನ್ನೇ ಬಿಟ್ಟವು. ಜೂಲ್ಸ್ ಸಿಲ್ವರ್‌ಮನ್ ಎಂಬ ಕೀಟವಿಜ್ಞಾನಿ ಅವನ್ನು ಹಿಡಿದು ತಂದು ಒಂದೊಂದೇ ಪದಾರ್ಥ ಇಟ್ಟು ನೋಡಿದ. ಅವು ದೂರ ಸರಿದದ್ದು ವಿಷವನ್ನು ಕಂಡು ಅಲ್ಲ, ಗ್ಲೂಕೋಸನ್ನು ಕಂಡು! ಇಂಥ ಜಿರಲೆಗಳು ಜ್ಯಾಮ್ ಇಟ್ಟರೆ ಹಿಂದಕ್ಕೆ ಹಾರುತ್ತವೆ, ಕಡಲೆಕಾಯಿ ಬೆಣ್ಣೆ ಇಟ್ಟರೆ ಮುತ್ತಿಕೊಳ್ಳುತ್ತವೆ. 1993ರಲ್ಲಿ ಆತ ಇದನ್ನು ಪ್ರಕಟಿಸಿದ. ಇಪ್ಪತ್ತು ವರ್ಷಗಳ ನಂತರ, 2013ರಲ್ಲಿ, ನಾರ್ತ್ ಕೆರೊಲಿನಾದ ವಿಶ್ವವಿದ್ಯಾಲಯದಲ್ಲಿ ಆಯಾಕೊ ವಾಡಾ-ಕತ್ಸುಮಾತಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಕಾರಣವನ್ನೂ ಕಂಡುಹಿಡಿದರು. ಜಿರಲೆಯ ಬಾಯಿಯ ಸುತ್ತಲಿನ ರೋಮಗಳಲ್ಲಿ ಸಿಹಿಯನ್ನು ಗುರುತಿಸುವ ನರಕೋಶ ಬೇರೆ, ಕಹಿಯನ್ನು ಗುರುತಿಸುವುದು ಬೇರೆ. ಈ ವಿಚಿತ್ರ ಜಿರಲೆಗಳಲ್ಲಿ ಗ್ಲೂಕೋಸ್ ತಾಗಿದರೆ ಕಹಿಯ ನರವೂ ಕೂಗಿಕೊಳ್ಳುತ್ತದೆ. ಅವಕ್ಕೆ ಗ್ಲೂಕೋಸ್ ಪಾಕ ಹಾಗಲಕಾಯಿ ರಸದಂತೆ.

ವಾದ ತೀರ್ಮಾನವಾಗುವುದು ಮರಿಗಳ ವಿಷಯದಲ್ಲಿ. ಈ ಜಿರಲೆಗಳಿಗೆ ಪ್ರಯೋಗಾಲಯದಲ್ಲಿ ಹುಟ್ಟಿ, ವಿಷದ ಮುಖವನ್ನೇ ಕಾಣದ ಮರಿಗಳೂ ಗ್ಲೂಕೋಸ್ ಕಂಡರೆ ಹಿಂದೆ ಸರಿದವು. ಯಾರೂ ಅವಕ್ಕೆ ಹೇಳಿಕೊಟ್ಟಿರಲಿಲ್ಲ, ಅವು ಯಾರ ಸಾವನ್ನೂ ನೋಡಿರಲಿಲ್ಲ. ಗುಣ ಜೀನಿನಲ್ಲೇ ಇತ್ತು. ಜೀನುಗಳು ಪೀಳಿಗೆಯಿಂದ ಪೀಳಿಗೆಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಹಾಗೆ ನುಸುಳಿದ ಒಂದು ತಪ್ಪು ಯಾವುದೋ ಜಿರಲೆಯ ನಾಲಿಗೆ ಕೆಡಿಸಿತ್ತು. ಬೇರೆ ಕಾಲದಲ್ಲಾಗಿದ್ದರೆ ಅದು ಸಿಹಿ ತಿನ್ನಲಾರದೆ ಸೊರಗಿ, ಬಂಧುಗಳ ನಡುವೆ ಅಡ್ಡನಾಲಿಗೆಯದೆಂಬ ಹೆಸರು ಹೊತ್ತು ಸಾಯುತ್ತಿತ್ತು. ಮನುಷ್ಯ ಸಿಹಿಗೆ ವಿಷ ಬೆರೆಸಿದ ದಿನ ಅದರ ಅಡ್ಡನಾಲಿಗೆಯೇ ಅದಕ್ಕೆ ಕವಚವಾಯಿತು. ಈ ಜಾತಿಯ ಹೆಣ್ಣು ಒಂದು ಮೊಟ್ಟೆಚೀಲದಲ್ಲಿ ಮೂವತ್ತು ನಲವತ್ತು ಮೊಟ್ಟೆ ಹೊತ್ತು ತಿರುಗುತ್ತದೆ. ಮೊಟ್ಟೆ ಒಡೆದದ್ದು ತಾಯಿಯಾಗಲು ಕೆಲವೇ ತಿಂಗಳು ಸಾಕು. ಲೆಕ್ಕ ನೀವೇ ಹಾಕಿ.

ಮೇಷ್ಟ್ರ ನಂಬಿಕೆಗೆ ದೊಡ್ಡ ವಂಶಾವಳಿಯೇ ಇದೆ ಎನ್ನುವುದನ್ನು ಹೇಳಬೇಕು. ಫ್ರಾನ್ಸಿನ ಲಾಮಾರ್ಕ್, ಡಾರ್ವಿನ್ ಹುಟ್ಟಿದ 1809ರಲ್ಲೇ ಒಂದು ಪುಸ್ತಕ ಬರೆದು, ಜಿರಾಫೆ ಎತ್ತರದ ಎಲೆಗಾಗಿ ಕತ್ತು ಚಾಚಿ ಚಾಚಿ ಉದ್ದವಾಯಿತು, ಆ ಉದ್ದ ಮರಿಗಳಿಗೆ ಬಂತು ಎಂಬ ಧಾಟಿಯಲ್ಲಿ ವಾದಿಸಿದ್ದ. ಕೇಳಲು ನ್ಯಾಯವಾಗಿಯೇ ಇದೆ. ದುಡಿದವನ ಮಕ್ಕಳಿಗೆ ದುಡಿಮೆಯ ಫಲ. ನಾನು ಮೇಷ್ಟ್ರಿಗೆ ಕೇಳುವುದು ಒಂದೇ ಪ್ರಶ್ನೆ. ನಮ್ಮ ಕಡೆ ಎಷ್ಟು ತಲೆಮಾರಿನಿಂದ ಹೆಣ್ಣುಮಕ್ಕಳಿಗೆ ಕಿವಿ ಚುಚ್ಚಿಸುತ್ತಿದ್ದೇವೆ? ಒಂದಾದರೂ ಕೂಸು ಓಲೆಗೆ ತೂತು ಮಾಡಿಕೊಂಡೇ ಹುಟ್ಟಿತೇ? ಅಕ್ಕಸಾಲಿಗರ ಕೆಲಸ ಹೋಯಿತೇ? ಮೇಷ್ಟ್ರು ಲೋಟ ಕೆಳಗಿಟ್ಟು, "ಇನ್ನೂ ಸಾವಿರ ವರ್ಷ ನೋಡೋಣ" ಎನ್ನುತ್ತಾರೆ. ಅಲ್ಲಿಯವರೆಗೆ ನಾವಿಬ್ಬರೂ ಇರುವುದಿಲ್ಲ ಎನ್ನುವ ಧೈರ್ಯ ಅವರಿಗೆ.

ಜಿರಲೆಯ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಸಿಹಿ ಬಿಟ್ಟವರಿಗೆ ಮದುವೆಮನೆಯಲ್ಲಿ ಆಗುವ ಕಷ್ಟ ಜಿರಲೆಗಳಿಗೂ ಆಯಿತು. ಈ ಜಾತಿಯ ಗಂಡು ಹೆಣ್ಣಿನ ಮುಂದೆ ಬೆನ್ನು ತಿರುಗಿಸಿ ನಿಂತು ರೆಕ್ಕೆ ಎತ್ತುತ್ತದೆ. ಬೆನ್ನಿನ ಗ್ರಂಥಿಗಳಿಂದ ಸಿಹಿಯಾದ ರಸ ಒಸರುತ್ತದೆ. ಹೆಣ್ಣು ಅದನ್ನು ಸವಿಯುತ್ತ ನಿಂತಿರುವಾಗ ಉಳಿದ ಕಾರ್ಯ ನಡೆಯಬೇಕು. ಆ ರಸದಲ್ಲಿ ಮಾಲ್ಟೋಸ್ ಎಂಬ ಸಕ್ಕರೆ ಇದೆ. ಹೆಣ್ಣಿನ ಎಂಜಲು ತಾಗಿದರೆ ಅದು ಒಡೆದು ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಎಂದರೆ ಕಹಿ ಎನ್ನುವ ಹೆಣ್ಣು ಎರಡು ತುತ್ತಿಗೇ ಮುಖ ಸಿಂಡರಿಸಿ ಹೊರಟೇಬಿಡುತ್ತದೆ. ಲಗ್ನ ಮುರಿದುಬಿತ್ತು. ವಿಷದಿಂದ ಪಾರಾದವರ ವಂಶ ವಧೂವರರ ತಕರಾರಿನಲ್ಲಿ ಮುಗಿದುಹೋಗಬೇಕಾಗಿತ್ತು. ಆದರೆ ಗಂಡುಗಳಲ್ಲೂ ಎಲ್ಲವೂ ಒಂದೇ ಸಮ ಇರಲಿಲ್ಲ. ಕೆಲವುಗಳ ರಸದಲ್ಲಿ ಮಾಲ್ಟೋಟ್ರಯೋಸ್ ಎಂಬ, ಬೇಗ ಒಡೆಯದ ಸಕ್ಕರೆ ಹೆಚ್ಚಾಗಿತ್ತು. ಅದು ಗ್ಲೂಕೋಸ್ ಆಗಿ ನಾಲಿಗೆ ಸುಡುವಷ್ಟರಲ್ಲಿ ಗಂಡು ತನ್ನ ಕೆಲಸ ಮುಗಿಸಿಕೊಳ್ಳುತ್ತಿತ್ತು. ಈಗ ಗ್ಲೂಕೋಸ್ ಒಲ್ಲದ ಕುಲದಲ್ಲಿ ಅಂಥ ಅಡುಗೆಯ, ಅಂಥ ಅವಸರದ ಗಂಡುಗಳೇ ಹೆಚ್ಚು ಎಂದು ಅದೇ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಇಲ್ಲೂ ಯಾವ ಗಂಡೂ ಕೂತು ಯೋಚಿಸಿ ಊಟದ ಪಟ್ಟಿ ಬದಲಾಯಿಸಲಿಲ್ಲ. ಹಳೆಯ ಪಟ್ಟಿಯವರಿಗೆ ಮಕ್ಕಳಾಗಲಿಲ್ಲ, ಅಷ್ಟೆ.

ಇದನ್ನು ಕೇಳಿದ ಮೇಲೆ ನಮ್ಮ ಮನೆಯವಳಿಗೆ ಜಿರಲೆಯ ಮೇಲಿದ್ದ ಕೋಪ ಸ್ವಲ್ಪ ಇಳಿಯಿತು. ಚಪ್ಪಲಿ ಮಾತ್ರ ಕೆಳಗಿಳಿಯಲಿಲ್ಲ.

ನಾನು ಇಷ್ಟು ಹೊತ್ತು ಹೇಳುತ್ತಿರುವುದು ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ಚಿಕ್ಕ ಕಂದು ಜಿರಲೆಯ ಬಗ್ಗೆ. ಇದಕ್ಕೆ ಜರ್ಮನ್ ಜಿರಲೆ ಎಂದು ಹೆಸರು. ಬಚ್ಚಲಿನಿಂದ ಎದ್ದು ಬರುವ ದೊಡ್ಡದಕ್ಕೆ ಅಮೆರಿಕನ್ ಜಿರಲೆ ಎನ್ನುತ್ತಾರೆ, ಅದರ ತವರು ಆಫ್ರಿಕ. ಚಿಕ್ಕದರ ಹೆಸರೂ ಅಷ್ಟೇ ಸುಳ್ಳು. ಜೀವಿಗಳಿಗೆ ಹೆಸರಿಡುತ್ತಿದ್ದ ಲಿನೇಯಸ್ 1767ರಲ್ಲಿ ಜರ್ಮನಿಯ ಹೆಸರು ಅಂಟಿಸಿದ. ರಷ್ಯನ್ನರು ಇದನ್ನು ಪ್ರಷ್ಯದವನೆಂದು ಬೈದರೆ, ಪ್ರಷ್ಯದವರು ರಷ್ಯದವನೆಂದು ಬೈದರು. 2024ರಲ್ಲಿ ಹದಿನೇಳು ದೇಶಗಳ ಜಿರಲೆಗಳ ಜೀನುಗಳನ್ನು ಹೋಲಿಸಿ ನೋಡಿದಾಗ ತಿಳಿದದ್ದು, ಇದು ಸುಮಾರು 2100 ವರ್ಷಗಳ ಹಿಂದೆ ಭಾರತದಲ್ಲೋ ಮ್ಯಾನ್ಮಾರಿನಲ್ಲೋ ಏಷ್ಯನ್ ಜಿರಲೆ ಎಂಬ ಬಯಲು ಜಿರಲೆಯಿಂದ ಕವಲೊಡೆದು ಮನುಷ್ಯನ ಮನೆ ಸೇರಿತು ಎಂದು. ಇಲ್ಲಿಂದ ವರ್ತಕರ ಸರಕಿನೊಡನೆ ಪಶ್ಚಿಮಕ್ಕೆ ಹೋಯಿತು, ಆಮೇಲೆ ಯೂರೋಪಿನ ಹಡಗು ಹತ್ತಿತು. ಹೊರದೇಶಕ್ಕೆ ಹೋಗಿ ಹೆಸರು ಬದಲಾಯಿಸಿಕೊಂಡ ನಮ್ಮವರ ಪಟ್ಟಿಯಲ್ಲಿ ಇದಕ್ಕೆ ಹಿರಿಯ ಸ್ಥಾನ ಸಲ್ಲಬೇಕು. ಹೊರಗೇ ಉಳಿದ ಏಷ್ಯನ್ ಜಿರಲೆ ಇವತ್ತಿಗೂ ಇದೆ, ಚೆನ್ನಾಗಿ ಹಾರುತ್ತದೆ. ಒಳಗೆ ಬಂದದ್ದು ಹಾರುವುದನ್ನೇ ಹೆಚ್ಚುಕಡಿಮೆ ಬಿಟ್ಟಿತು.

ಮನೆ ಜಿರಲೆ ಬಯಲು ಜಿರಲೆಯಿಂದ ಬಂದದ್ದಾದರೆ ಬಯಲು ಜಿರಲೆ ಇನ್ನೂ ಯಾಕಿದೆ ಎಂದು ಯಾರೂ ಕೇಳುವುದಿಲ್ಲ. ಮಂಗನ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ಎದ್ದು ನಿಂತು ಕೇಳುತ್ತಾರೆ. ಮನುಷ್ಯ ಮಂಗನಿಂದ ಬಂದ ಎಂದು ಡಾರ್ವಿನ್ನನ ತಲೆಗೆ ಕಟ್ಟಿರುವ ಮಾತು, ಎಡದಿಂದ ಬಲಕ್ಕೆ ನಡೆಯುತ್ತ ಬೆನ್ನು ನೆಟ್ಟಗಾಗುವ ಆ ಚಿತ್ರ, ಎರಡೂ ಸೇರಿ ನಮ್ಮ ಬುದ್ಧಿಯನ್ನು ಕೆಡಿಸಿವೆ. ನಾವು ಮತ್ತು ಚಿಂಪಾಂಜಿ ದಾಯಾದಿಗಳು. ಅರವತ್ತು ಎಪ್ಪತ್ತು ಲಕ್ಷ ವರ್ಷಗಳ ಹಿಂದೆ ಪಾಲಾಗಿ ಬೇರೆಯಾದ ಮನೆಗಳು. ನಮ್ಮ ಕಪಿಗಳದ್ದು ಇನ್ನೂ ಹಿಂದಿನ, ಎರಡೂವರೆ ಮೂರು ಕೋಟಿ ವರ್ಷಗಳ ಹಳೆಯ ಪಾಲು. ಮಲೆನಾಡಿನಲ್ಲಿ ಏಲಕ್ಕಿ, ಬಾಳೆ, ಎಳೆ ಅಡಿಕೆ ಕಾಯಿ ಕಳೆದುಕೊಂಡವರನ್ನು ಕೇಳಿ ನೋಡಿ. ದಾಯಾದಿಗಳು ಆಸ್ತಿಯ ಹಕ್ಕನ್ನು ಇನ್ನೂ ಬಿಟ್ಟುಕೊಟ್ಟಿಲ್ಲ ಎನ್ನುತ್ತಾರೆ.

ಇನ್ನೊಂದು ಮಾತು ವ್ಯಾಯಾಮಶಾಲೆಗಳ ಗೋಡೆಯ ಮೇಲೆ ಕಾಣುವಂಥದು, ಬಲಿಷ್ಠರೇ ಬದುಕುತ್ತಾರೆ ಎನ್ನುವುದು. ಯೋಗ್ಯರ ಉಳಿವು ಎಂಬ ನುಡಿಗಟ್ಟನ್ನು ಮೊದಲು ಬಳಸಿದವನು ಹರ್ಬರ್ಟ್ ಸ್ಪೆನ್ಸರ್, 1864ರಲ್ಲಿ. ಡಾರ್ವಿನ್ ಅದನ್ನು ತನ್ನ ಪುಸ್ತಕದ ಐದನೆಯ ಆವೃತ್ತಿಗೆ ಸೇರಿಸಿಕೊಂಡದ್ದು 1869ರಲ್ಲಿ. ಅಲ್ಲಿಂದ ಅದು ಕಂಪನಿ ಮಾಲೀಕರ ಕೈಗೂ ಪೈಲ್ವಾನರ ಕೈಗೂ ಸಿಕ್ಕಿ ಹಾಳಾಯಿತು. ನಮ್ಮ ಸಿಹಿ ಒಲ್ಲದ ಜಿರಲೆ ಯಾವ ಅರ್ಥದಲ್ಲಿ ಬಲಿಷ್ಠ? ವಿಷವಿಲ್ಲದ ಕಡೆ ಅದು ಉಳಿದವಕ್ಕಿಂತ ನಿಧಾನವಾಗಿ ಬೆಳೆಯುತ್ತದೆ. ಸುಮ್ಮನೆ ಸಿಗುವ ಒಳ್ಳೆಯ ಆಹಾರವನ್ನು ಬೇಡವೆನ್ನುವ ಪ್ರಾಣಿ ಅದು. ಯೋಗ್ಯತೆ ಎನ್ನುವುದು ಅದರ ಮೈಯಲ್ಲಿರಲಿಲ್ಲ, ಆ ಕಟ್ಟಡದ ಅಡುಗೆಮನೆಯಲ್ಲಿತ್ತು. ಮನೆ ಬದಲಾದರೆ ಯೋಗ್ಯರೂ ಬದಲಾಗುತ್ತಾರೆ. ಜೆಲ್ ತಯಾರಿಸುವವರು ಗ್ಲೂಕೋಸ್ ತೆಗೆದು ಬೇರೆ ಸಿಹಿ ಹಾಕಿದ್ದೂ ಆಯಿತು.

ಮೇಷ್ಟ್ರ ಕೊನೆಯ ಬಾಣ ಇದು: "ಅಲ್ಲ ಸ್ವಾಮಿ, ಆರಿಸೋರೇ ಇಲ್ಲದೆ ಅದೆಂಥ ಆಯ್ಕೆ? ಮತದಾರನೇ ಇಲ್ಲದ ಚುನಾವಣೆ ಉಂಟೇ?" ಒಳ್ಳೆಯ ಪ್ರಶ್ನೆ. ಡಾರ್ವಿನ್ನನಿಗೂ ಇದರ ಅರಿವಿತ್ತು. ಅದಕ್ಕೇ ಆತ ತನ್ನ ಪುಸ್ತಕವನ್ನು ಆರಿಸುವವರಿಂದಲೇ, ಅಂದರೆ ಪಾರಿವಾಳ ಸಾಕುವವರಿಂದ ಶುರುಮಾಡಿದ.

ಈ ಮನುಷ್ಯ ಪ್ರಪಂಚ ಸುತ್ತಿ ಬಂದದ್ದೇ ಒಂದು ಪವಾಡ. ಅವನು ಹೊರಟಿದ್ದ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಮುಖ ನೋಡಿ ಗುಣ ಹೇಳುವ ಶಾಸ್ತ್ರವನ್ನು ನಂಬಿದ್ದವನು. ಡಾರ್ವಿನ್ನನ ಮೂಗು ನೋಡಿ, ಇಂಥ ಮೂಗಿನವನಿಗೆ ಪ್ರಯಾಣಕ್ಕೆ ಬೇಕಾದ ಛಲ ಇರಲಾರದು ಎಂದು ಇನ್ನೇನು ಬೇಡ ಎನ್ನುವವನಿದ್ದನಂತೆ. ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಹೇಳುವ ಮಾತು ಒಂದು ಇಡೀ ವಿಜ್ಞಾನದ ದಾರಿಗೆ ಅಡ್ಡ ಬರುವುದರಲ್ಲಿತ್ತು. ಹೇಗೋ ಮೂಗು ಪಾಸಾಯಿತು. 1831ರ ಡಿಸೆಂಬರಿನಲ್ಲಿ ಹೊರಟ ಹಡಗು 1836ರ ಅಕ್ಟೋಬರಿನಲ್ಲಿ ಮರಳಿತು. ಗಲಾಪಗೋಸ್ ದ್ವೀಪಗಳ ಕಥೆ ಎಲ್ಲರಿಗೂ ಗೊತ್ತು, ಬಿಡೋಣ. ನನಗೆ ಇಷ್ಟವಾಗುವುದು ಅದಕ್ಕಿಂತ ಆಮೇಲಿನ ಡಾರ್ವಿನ್. ಕೆಂಟ್ ಪ್ರಾಂತದ ಹಳ್ಳಿಮನೆಯಲ್ಲಿ ಕೂತು 1855ರಿಂದ ಪಾರಿವಾಳ ಸಾಕಿದ. ಲಂಡನ್ನಿನ ಪಾರಿವಾಳ ಸಂಘಗಳಿಗೆ ಸದಸ್ಯನಾದ. ಬೀಸಣಿಗೆ ಬಾಲದ್ದು, ಎದೆ ಉಬ್ಬಿಸುವುದು, ಆಕಾಶದಲ್ಲಿ ಪಲ್ಟಿ ಹೊಡೆಯುವುದು, ಎಲ್ಲ ತಳಿಗಳನ್ನೂ ತರಿಸಿ, ಸತ್ತವನ್ನು ಬೇಯಿಸಿ ಎಲುಬು ಅಳೆದ. ಆ ವಾಸನೆಯನ್ನು ಮನೆಯವರು ಹೇಗೆ ಸಹಿಸಿದರೋ! ಇಷ್ಟೆಲ್ಲ ಬಗೆ ಒಂದೇ ಬಂಡೆ ಪಾರಿವಾಳದಿಂದ, ಅಂದರೆ ನಮ್ಮ ಗೋಪುರಗಳಲ್ಲಿ ಗುಟುರು ಹಾಕುವ ಅದೇ ಹಕ್ಕಿಯಿಂದ, ಸಾಕುವವರ ಆಯ್ಕೆಯಿಂದ ಬಂದವು ಎನ್ನುವುದು ಅವನ ತೀರ್ಮಾನ.

ಹೊರದೇಶದ ತಳಿಗಳ ಚರ್ಮ ಕಳಿಸಿಕೊಟ್ಟವರಿಗೆ ಡಾರ್ವಿನ್ ಪುಸ್ತಕದ ಮೊದಲ ಅಧ್ಯಾಯದಲ್ಲೇ ಕೃತಜ್ಞತೆ ಹೇಳಿದ್ದಾನೆ. ಭಾರತದಿಂದ ಕಳಿಸಿದವರೆಂದು ಅಲ್ಲಿ ಒಂದು ಹೆಸರಿದೆ, ಡಬ್ಲ್ಯು. ಎಲಿಯಟ್. ಈ ವಾಲ್ಟರ್ ಎಲಿಯಟ್ ಯಾರು ಗೊತ್ತೆ? 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತನಲ್ಲ, ಆವತ್ತು ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ. ವಯಸ್ಸು ಇಪ್ಪತ್ತೊಂದು. ರಾಣಿ ಚೆನ್ನಮ್ಮನ ಸೆರೆಯಿಂದ ಜೀವಂತ ಬಿಡುಗಡೆಯಾದ ಮೇಲೆ ಈತ ಅದೇ ಸೀಮೆಯಲ್ಲಿ ವರ್ಷಗಟ್ಟಲೆ ಕೆಲಸಮಾಡಿದ. ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಧಾರವಾಡದ ಕಡೆಯ ಪ್ರಾಣಿಗಳ ಪಟ್ಟಿ ಬರೆದು 1839ರಲ್ಲಿ ಪ್ರಕಟಿಸಿದ. ಮುಂದೆ ಮದ್ರಾಸ್ ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದಾಗ, 1856ರಲ್ಲಿ, ಡಾರ್ವಿನ್ನನ ಪತ್ರ ಬಂತು. ಸಾಕುಹಕ್ಕಿಗಳ ಚರ್ಮ ಬೇಕಾಗಿತ್ತು, ದಯವಿಟ್ಟು ಕಳಿಸಿ. ಎಲಿಯಟ್ ಕಳಿಸಿದ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಆದರೂ ಕಿತ್ತೂರಿನವರು ಆವತ್ತು ಕೈದಿಗಳ ವಿಷಯದಲ್ಲಿ ಸ್ವಲ್ಪ ಅವಸರಪಟ್ಟಿದ್ದರೆ ಆ ಪುಸ್ತಕದ ಮೊದಲ ಅಧ್ಯಾಯದಲ್ಲಿ ಕೆಲವು ಪಾರಿವಾಳ ಕಡಿಮೆಯಾಗುತ್ತಿದ್ದವು ಎನ್ನುವುದು ಖಂಡಿತ. ಕಿತ್ತೂರು ಉತ್ಸವದಲ್ಲಿ ಈ ಮಾತಿಗೂ ಒಂದು ಮೂಲೆ ಸಿಗಬೇಕೆಂದು ನನ್ನ ಆಸೆ.

ಪಾರಿವಾಳದ ಮಹಿಮೆ ಎಷ್ಟೆಂದರೆ, ಪುಸ್ತಕದ ಹಸ್ತಪ್ರತಿ ಓದಿದ ವಿಟ್‌ವೆಲ್ ಎಲ್ವಿನ್ ಎಂಬ ಸಂಪಾದಕ ಪ್ರಕಾಶಕನಿಗೆ ಒಂದು ಹಿತವಚನ ಬರೆದ. ಉಳಿದದ್ದನ್ನೆಲ್ಲ ಬಿಟ್ಟು ಬರೀ ಪಾರಿವಾಳಗಳ ಬಗ್ಗೆ ಬರೆಯಲು ಹೇಳಿ, ಪಾರಿವಾಳ ಎಂದರೆ ಎಲ್ಲರಿಗೂ ಇಷ್ಟ ಎಂದು. ಸಂಪಾದಕರ ಸಲಹೆ ಕೇಳಬೇಕೋ ಬೇಡವೋ ಎಂದು ತೊಳಲಾಡುವ ಲೇಖಕರಿಗೆ ಇದಕ್ಕಿಂತ ಸಮಾಧಾನ ಬೇರೆ ಬೇಡ. ಪುಸ್ತಕಕ್ಕೂ ಮೊದಲು ವಾಲೆಸ್ ಎಂಬ ತರುಣ ದೂರದ ಟರ್ನೇಟ್ ದ್ವೀಪದಿಂದ ಇದೇ ಸಿದ್ಧಾಂತವನ್ನು ಬರೆದು ಕಳಿಸಿದ್ದು, ಇಬ್ಬರ ಬರಹವನ್ನೂ 1858ರ ಜುಲೈ 1ರಂದು ಲಿನೇಯನ್ ಸೊಸೈಟಿಯಲ್ಲಿ ಓದಿದ್ದು, ಇಬ್ಬರೂ ಅಲ್ಲಿ ಇಲ್ಲದಿದ್ದದ್ದು, ಆ ವರ್ಷದ ವರದಿಯಲ್ಲಿ ಸಂಸ್ಥೆಯ ಅಧ್ಯಕ್ಷರು ಈ ಸಲ ಹೇಳಿಕೊಳ್ಳುವಂಥ ದೊಡ್ಡ ಸಂಶೋಧನೆ ಏನೂ ನಡೆಯಲಿಲ್ಲ ಎಂಬರ್ಥದ ಮಾತಾಡಿದ್ದು, ಇವನ್ನೆಲ್ಲ ಓದಿದಾಗ ವಾರ್ಷಿಕ ವರದಿಗಳ ಮೇಲೆ ನನಗಿದ್ದ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು.

ಮೈಸೂರಿನವರಿಗೆ ಪಾರಿವಾಳವೇ ಬೇಕೆಂದಿಲ್ಲ. ಅರಮನೆಯ ಬೆಣ್ಣೆ ಚಾವಡಿಯ ದನಗಳನ್ನು ಹೈದರಾಲಿ, ಟಿಪ್ಪು ತೋಪು ಎಳೆಯಲು ಆರಿಸಿ ಬೆಳೆಸಿದರು. ಟಿಪ್ಪು ಇಟ್ಟ ಹೆಸರು ಅಮೃತಮಹಲ್. ನಿಲ್ಲದೆ ನಡೆಯುವ ಹೋರಿಯಿಂದ ಕರು ಹುಟ್ಟಿಸುತ್ತ ಹೋದರೆ ನಿಲ್ಲದೆ ನಡೆಯುವ ತಳಿ ಬರುತ್ತದೆ. ಹಾಲು ಕಡಿಮೆ, ಕೋಪ ಹೆಚ್ಚು, ಅದು ಬೇರೆ ಮಾತು. ಇಲ್ಲಿ ಆರಿಸುವವನಿದ್ದಾನೆ, ಅವನಿಗೆ ಏನು ಬೇಕೆಂಬುದೂ ಗೊತ್ತಿದೆ.

ಈಗ ಒಂದು ಮೆಟ್ಟಿಲು ಕೆಳಗಿಳಿಯೋಣ. ಭತ್ತದ ಗದ್ದೆಯಲ್ಲಿ ಭತ್ತದಂತೆಯೇ ಕಾಣುವ ಒಂದು ಕಳೆ ಇರುತ್ತದೆ. ತೆನೆ ಬಿಡುವವರೆಗೂ ಗುರುತು ಹಿಡಿಯುವುದು ಕಷ್ಟ. ಅದನ್ನು ಹಾಗೆ ಮಾಡಿದವರು ಯಾರು? ಶತಮಾನಗಳಿಂದ ಬಗ್ಗಿ ಕಳೆ ಕಿತ್ತ ಹೆಂಗಸರು. ಕಳೆಯಂತೆ ಕಂಡದ್ದನ್ನೆಲ್ಲ ಕಿತ್ತರು, ಪೈರಿನಂತೆ ಕಂಡದ್ದು ಕೈ ತಪ್ಪಿ ಬೀಜ ಚೆಲ್ಲಿತು. ಅವರ ಕಣ್ಣು ಚುರುಕಾದಷ್ಟೂ ಕಳೆಯ ವೇಷ ನಯವಾಯಿತು. ರಷ್ಯದ ಸಸ್ಯವಿಜ್ಞಾನಿ ವವಿಲೋವ್ ಇಂಥ ಕಳೆಗಳ ಬೆನ್ನುಹತ್ತಿ, ರೈ ಎಂಬ ಧಾನ್ಯ ಒಂದು ಕಾಲದಲ್ಲಿ ಗೋಧಿ ಹೊಲದ ಕಳೆಯಾಗಿದ್ದು, ಗೋಧಿಯನ್ನು ಅನುಕರಿಸುತ್ತ ಕೊನೆಗೆ ತಾನೇ ಬೆಳೆಯಾಯಿತು ಎಂದ. ಇಲ್ಲಿ ಆರಿಸುವವರಿದ್ದಾರೆ, ಆದರೆ ಆರಿಸುತ್ತಿದ್ದೇವೆಂದು ಅವರಿಗೆ ಗೊತ್ತಿಲ್ಲ. ಇದರಿಂದ ಇನ್ನೊಂದೇ ಮೆಟ್ಟಿಲು ಇಳಿದರೆ ಕೈಯೂ ಇಲ್ಲ, ಕಣ್ಣೂ ಇಲ್ಲ. ಬರ, ಚಳಿ, ಹಸಿವು, ಹದ್ದು. ಮೇಷ್ಟ್ರ ಮತದಾರರು ಇವರೇ.

ನನ್ನ ತಕರಾರು ಇರುವುದು ನಡುವಿನ ಮೆಟ್ಟಿಲಿನ ಬಗ್ಗೆ. ಅಲ್ಲಿ ನಿಂತಿರುವವರು ನಾವೆಲ್ಲ. ಕಾಯಿಕೊರಕ ತಿಂದರೆ ಸಾಯುವ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು. 450 ಗ್ರಾಂ ಬೀಜದ ಪೊಟ್ಟಣದ ಜೊತೆ 120 ಗ್ರಾಮಿನ ಒಂದು ಸಣ್ಣ ಪೊಟ್ಟಣ, ಅದರಲ್ಲಿ ಬಿಟಿ ಅಲ್ಲದ ಮಾಮೂಲಿ ಹತ್ತಿ ಇರುತ್ತಿತ್ತು. ಅದನ್ನು ಹೊಲದ ಸುತ್ತ ಬಿತ್ತಬೇಕಾಗಿತ್ತು. ಯಾಕೆ? ಹುಳ ತಿನ್ನಲಿ ಎಂದು! ದುಡ್ಡು ಕೊಟ್ಟು ತಂದ ಬೀಜವನ್ನು ಹುಳಕ್ಕೆ ಬಿತ್ತಿ ಎಂದರೆ ಯಾವ ರೈತ ಕೇಳುತ್ತಾನೆ? ಬಹಳ ಜನ ಬಿತ್ತಲಿಲ್ಲ. ಆ ಪೊಟ್ಟಣದ ಹಿಂದೆ ಇದ್ದದ್ದು ನಿಸರ್ಗದ ಆಯ್ಕೆಯ ಲೆಕ್ಕ. ಹೊಲದಲ್ಲಿ ವಿಷ ತಡೆದುಕೊಳ್ಳುವ ಒಂದೆರಡು ಹುಳ ಉಳಿದೇ ಉಳಿಯುತ್ತವೆ. ಅವೆರಡೇ ಜೋಡಿಯಾದರೆ ಮುಂದಿನ ಸಂತತಿಯೆಲ್ಲ ವಿಷ ತಡೆಯುವಂಥದೇ. ಸುತ್ತಲಿನ ಸಾಲುಗಳಲ್ಲಿ ಮಾಮೂಲಿ ಹುಳಗಳು ಸೊಂಪಾಗಿ ಬೆಳೆದಿದ್ದರೆ ಉಳಿದ ಒಂದೆರಡಕ್ಕೆ ಅಲ್ಲಿಂದ ಸಂಬಂಧ ಕೂಡಿಬರುತ್ತದೆ, ತಡೆಯುವ ಗುಣ ತೆಳ್ಳಗಾಗುತ್ತದೆ. ಇದನ್ನು ಹೀಗೆ ಕೂತು ಹೇಳುವವರು ಹಳ್ಳಿಗಳಲ್ಲಿ ಎಷ್ಟು ಜನ ಇದ್ದರು? ಹತ್ತು ವರ್ಷದೊಳಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿಯನ್ನು ಜೀರ್ಣಿಸಿಕೊಂಡಿತು. ಎರಡನೆಯ ತಲೆಮಾರಿನ ಬಿಟಿಗೂ ಆಮೇಲೆ ಅದೇ ಗತಿಯಾಯಿತು.

ಮನೆಯ ಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದ ಮಲೇರಿಯಾದವರನ್ನು ನನ್ನ ವಯಸ್ಸಿನವರು ಮರೆತಿರಲಾರರು. 1953ರಲ್ಲಿ ಆ ಕಾರ್ಯಕ್ರಮ ಶುರುವಾಯಿತು. 1965ರ ಹೊತ್ತಿಗೆ ದೇಶದ ಮಲೇರಿಯಾ ರೋಗಿಗಳ ಸಂಖ್ಯೆ ವರ್ಷಕ್ಕೆ ಒಂದು ಲಕ್ಷಕ್ಕೆ ಇಳಿದಿತ್ತು. 1976ರಲ್ಲಿ ಅರವತ್ತು ಲಕ್ಷ ದಾಟಿತು. ಸರಬರಾಜಿನ ತೊಂದರೆ, ಮೈಮರೆವು, ಎಲ್ಲವೂ ಕಾರಣ. ಜೊತೆಗೆ ಡಿಡಿಟಿ ಬಳಿದ ಗೋಡೆಯ ಮೇಲೆ ನಿಶ್ಚಿಂತೆಯಾಗಿ ಕೂರುವ ಸೊಳ್ಳೆಗಳನ್ನು ನಾವೇ ಆರಿಸಿಕೊಂಡಿದ್ದೆವು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದ, ಗಂಟಲು ನೋವೆಂದು ತನಗೆ ತಾನೇ ಅರೆಬರೆ ಪೆನಿಸಿಲಿನ್ ತೆಗೆದುಕೊಳ್ಳುವವನು ಅದಕ್ಕೆ ಜಗ್ಗದ ರೋಗಾಣುಗಳನ್ನು ಸಾಕಿ ಹೆಂಡತಿಗೆ ಅಂಟಿಸುತ್ತಾನೆ ಎಂದು. ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ನೆಗಡಿಗೆ "ಸ್ವಲ್ಪ ಸ್ಟ್ರಾಂಗಾಗಿರೋದೇ ಕೊಡಿ" ಎಂದು ಆಂಟಿಬಯೋಟಿಕ್ ಬಿಡಿ ಮಾತ್ರೆ ಕೇಳುವವರನ್ನು ನೋಡಿದಾಗಲೆಲ್ಲ ಆ ಗಂಡ ನೆನಪಾಗುತ್ತಾನೆ. ನೆಗಡಿ ವೈರಸ್ಸಿನದು, ಆ ಮಾತ್ರೆ ಅದಕ್ಕೆ ಏನೂ ಮಾಡುವುದಿಲ್ಲ. ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಅದು ಪರೀಕ್ಷೆ ಇಡುತ್ತದೆ, ಪಾಸಾದವನ್ನು ನಾವು ಸಾಕುತ್ತೇವೆ.

ಇಷ್ಟಿದ್ದೂ ಎನ್‌ಸಿಇಆರ್‌ಟಿ 2023ರಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟಿತು. ಕೊರೋನಾ ನಂತರ ಮಕ್ಕಳ ಹೊರೆ ಇಳಿಸಲು ಎಂದರು, ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂದರು. ಸಾವಿರದ ಎಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದು ಬೇಡವೆಂದು ಪತ್ರ ಬರೆದರು. ಅವರು ವಿಜ್ಞಾನದ ಪರವಾಗಿ ಬರೆದರು. ನನ್ನ ಕಾರಣ ಇನ್ನೂ ಸರಳ. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಓದುವ ಮಗು ಡಾಕ್ಟರಾಗಲು ಹೊರಟಿರುತ್ತದೆ, ಅದಕ್ಕೆ ಯಾರಾದರೂ ಇದನ್ನು ಹೇಳಿಯೇ ಹೇಳುತ್ತಾರೆ. ಹತ್ತಕ್ಕೆ ಓದು ಬಿಟ್ಟು ಹತ್ತಿ ಬಿತ್ತುವವನಿಗೆ, ಮೆಡಿಕಲ್ ಶಾಪಿನ ಕೌಂಟರಿನ ಆಚೆಗೋ ಈಚೆಗೋ ನಿಲ್ಲುವವರಿಗೆ, ಮಗುವಿನ ಜ್ವರಕ್ಕೆ ಮಾತ್ರೆ ಅರ್ಧಕ್ಕೆ ನಿಲ್ಲಿಸುವ ತಾಯಿಗೆ ಆಮೇಲೆ ಯಾರು ಹೇಳುತ್ತಾರೆ? ಎಲ್ಲರ ಮನೆಗೂ ಜೆಲ್ ಇಡುವ ಹುಡುಗ ಬರುವುದಿಲ್ಲ. ಆ ಪಾಠವನ್ನು ಹತ್ತನೆಯ ತರಗತಿಗೇ ವಾಪಸ್ಸು ತನ್ನಿ. ಪುಟ ಉಳಿಸಲೇಬೇಕಿದ್ದರೆ ಎಡದಿಂದ ಬಲಕ್ಕೆ ನಡೆಯುವ ಆ ಮಂಗನ ಚಿತ್ರವನ್ನು ತೆಗೆದು, ಆ ಜಾಗದಲ್ಲಿ ಒಂದು ಜಿರಲೆಯನ್ನು ಹಾಕಿ.